ಗೂಟದ ಮೇಲಿನ ಹಸಿರು ಹೆಲ್ಮೆಟ್

ಭಾನುವಾರ ಗುಡ್ಡದ ಇಳಿಜಾರಿನಲ್ಲಿ ಸೈಕಲ್ಲಿಂದ ಬಿದ್ದು ಬಂದ ಮೇಷ್ಟ್ರು ಲಿಫ್ಟಿನ ಕನ್ನಡಿಯಲ್ಲಿ ಮೊದಲು ನೋಡಿಕೊಂಡದ್ದು ತಲೆಯನ್ನಲ್ಲ, ಹೆಲ್ಮೆಟ್ಟನ್ನು. ತಲೆ ಸರಿಯಾಗಿತ್ತು. ತೆಗೆದು ತಿರುಗಿಸಿದರೆ ಹೆಲ್ಮೆಟ್ಟಿನ ಹಿಂಭಾಗದಲ್ಲಿ ಬೆರಳುದ್ದದ ಬಿರುಕು ಬಾಯಿ ಬಿಟ್ಟಿತ್ತು. ಮನೆಗೆಂದು ಹತ್ತಿದ ಲಿಫ್ಟಿನಿಂದ ಹಾಗೇ ಇಳಿದು, ಹೆಲ್ಮೆಟ್ಟನ್ನು ಜರ್ಕಿನ್ನಿನಲ್ಲಿ ಸುತ್ತಿಕೊಂಡು, ಅವರು ಸೈಕಲ್ ಅಂಗಡಿಯ ದಾರಿ ಹಿಡಿದರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಲ್ಲುಸೆಟ್ಟು ತಯಾರಿಸುವುದು ಅವರ ಕಸುಬು. ಆದರೆ ಭಾನುವಾರದ ಗುಡ್ಡದ ಸವಾರಿಗೆ ಬರುವವರೆಲ್ಲ ಅವರನ್ನು ಹೆಲ್ಮೆಟ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾರೇ ಬೀಳಲಿ, ಕೈಕಾಲು ವಿಚಾರಿಸುವ ಮೊದಲು ಇವರು ಹೆಲ್ಮೆಟ್ ಕಿತ್ತುಕೊಂಡು ಪಾಠ ಶುರು ಹಚ್ಚುತ್ತಿದ್ದರು. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ಟಿನ ಕತೆ ಮುಗಿಯಿತು. ಮೇಲೆ ನೆಟ್ಟಗೆ ಕಂಡರೂ ಒಳಗಿನ ಥರ್ಮಾಕೋಲ್ ಅಪ್ಪಚ್ಚಿಯಾಗಿರುತ್ತದೆ, ಇನ್ನೊಂದು ಪೆಟ್ಟನ್ನು ತಡೆಯುವುದಿಲ್ಲ. ಬೀಳದಿದ್ದರೂ ಬಿಸಿಲಿಗೆ, ಬೆವರಿಗೆ ಅದು ಸೊರಗುತ್ತದೆ. ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಇಷ್ಟನ್ನೂ ಹೇಳುವಾಗ ಅವರ ತಲೆಯ ಮೇಲೆ ಕೂತಿರುತ್ತಿದ್ದದ್ದು ಎಂಟು ವರ್ಷದ ಹಸಿರು ಹೆಲ್ಮೆಟ್. ಅದನ್ನು ತೋರಿಸಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬದಲಾಯಿಸದಿರಲು ಕಾರಣ ಮನೆಯಲ್ಲಿತ್ತು. ಎರಡು ವರ್ಷದ ಕೆಳಗೆ ಬಿದ್ದು ಭುಜ ಮುರಿದುಕೊಂಡಾಗ ಹೆಲ್ಮೆಟ್ಟಿಗೆ ಏನೂ ಆಗಿರಲಿಲ್ಲ. ಹೆಂಡತಿ ಆವತ್ತೇ ತೀರ್ಪು ಕೊಟ್ಟಿದ್ದಳು.

"ಇನ್ನೊಂದ್ಸಲ ಬಿದ್ರೆ ಸೈಕಲ್ ಈ ಮನೇಲಿರಲ್ಲ. ಹೊಸ ಹೆಲ್ಮೆಟ್ ಕಂಡ್ರೂ ಅಷ್ಟೆ, ಬಿದ್ದಿದೀರ ಅಂತ್ಲೇ ಅರ್ಥ. ಬಿದ್ರೆ ಬದಲಾಯಿಸಿ ಅಂತ ಊರಿಗೆಲ್ಲ ಹೇಳೋರು ನೀವೇ ತಾನೆ?"

ಅಂದಿನಿಂದ ಭಾನುವಾರ ಸಂಜೆ ಹೆಲ್ಮೆಟ್ ಬಾಗಿಲ ಪಕ್ಕದ ಗೂಟದ ಮೇಲಿರಬೇಕು, ಅವಳು ಒಮ್ಮೆ ಕಣ್ಣಾಡಿಸಬೇಕು. ಅವಳದು ಬ್ಯೂಟಿ ಪಾರ್ಲರ್. ಯಾವ ಮುಖದ ಮೇಲೆ ಏನನ್ನು ಮುಚ್ಚಿದ್ದಾರೆಂದು ಮಾರು ದೂರದಿಂದ ಹೇಳುವ ಕಣ್ಣು. ಹೋದ ವರ್ಷ ಒಂದು ನೀಲಿ ತಲೆಕ್ಲಿಪ್ ಕಳೆದುಹೋದದ್ದಕ್ಕೆ ಮಂಚದ ಕೆಳಗೂ ಬಿಡದೆ ಜಾಲಾಡಿದವಳು. ಅಂಥವಳ ಕೈಗೆ ಈ ಬಿರುಕು ಸಿಕ್ಕರೆ ಗುಡ್ಡದ ಆಸೆ ಬಿಟ್ಟಂತೆಯೇ. ವಾರವಿಡೀ ಬೇರೆಯವರ ದವಡೆಗಳೊಂದಿಗೆ ಬಾಳುವ ಮೇಷ್ಟ್ರಿಗೆ ಆ ಗುಡ್ಡ ಬಿಟ್ಟರೆ ಬೇರೆ ಸುಖವಿರಲಿಲ್ಲ.

ಅಂಗಡಿಯವನು ಹೆಲ್ಮೆಟ್ಟನ್ನು ತಿರುಗಿಸಿ ನೋಡಿದ.

"ಎಷ್ಟು ವರ್ಷದ್ದು ಸರ್?"

"ಎಂಟು."

"ಹಾಗನ್ಸಲ್ವಲ್ಲ. ಒಳಗಡೆ ಇನ್ನೂ ಬೆಳ್ಳಗಿದೆ. ಪಟ್ಟಿನೂ ಗಟ್ಟಿಯಾಗಿದೆ."

"ಇಟ್ಕೊಳ್ಳೋ ಥರ ಇಟ್ಕೋಬೇಕಪ್ಪ" ಎಂದರು ಮೇಷ್ಟ್ರು, ಎದೆಯುಬ್ಬಿಸಿ.

"ಈ ಬಣ್ಣ ಯಾರಿಗೂ ಬೇಡ ಸರ್. ಎರಡೇ ಉಳಿದಿದ್ವು. ಹೋದ ವರ್ಷ ಒಂದು ಹೋಯ್ತು. ಇದು ಕೊನೇದು."

ಊರಿನಲ್ಲಿ ತಮ್ಮಂಥ ಅಭಿರುಚಿಯವರು ಇನ್ನೊಬ್ಬರಿದ್ದಾರಲ್ಲ ಎಂದು ಮೇಷ್ಟ್ರಿಗೆ ಸಂತೋಷವಾಯಿತು.

ಅದನ್ನು ಕೊಂಡು ಅಲ್ಲಿಂದ ನೇರ ತಮ್ಮ ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಸ ಹಲ್ಲನ್ನು ಪಕ್ಕದ ಹಳೆಯ ಹಲ್ಲುಗಳ ಬಣ್ಣಕ್ಕೆ ಇಳಿಸುವುದರಲ್ಲಿ ಅವರದು ಎತ್ತಿದ ಕೈ. ಹೆಲ್ಮೆಟ್ಟಿನ ಹೊಳಪನ್ನು ಉಜ್ಜಿ ತೆಗೆದರು. ಪಟ್ಟಿಗಳನ್ನು ಕಾಫಿಯಲ್ಲಿ ಅದ್ದಿ ಒಣಗಿಸಿದರು. ಎಡಗಡೆಯ ಉದ್ದ ಗೀರನ್ನು ಹಳೆಯದರಲ್ಲಿ ನೋಡಿ ನೋಡಿ ಕೊರೆದರು. ಹಳೆಯ ಗೀರನ್ನು ಸವರಿದಾಗ ಬೆರಳಿಗೆ ಕಂದು ಬಣ್ಣ ಹತ್ತಿತು. ಎಂಟು ವರ್ಷದ ಕೊಳೆ ಎಂದು ಒರೆಸಿಕೊಂಡರು. ಉಳಿದದ್ದು ಮಗಳು ಚಿಕ್ಕವಳಿದ್ದಾಗ ಅಂಟಿಸಿದ್ದ ಕಪ್ಪೆಯ ಸ್ಟಿಕರ್. ಹರಿದರೆ ಕೆಲಸ ಕೆಟ್ಟಿತು ಎಂದು ಉಸಿರು ಬಿಗಿ ಹಿಡಿದು ಉಗುರು ತಾಗಿಸಿದರು. ಅದು ಕಾದು ಕೂತಿದ್ದಂತೆ ಸಲೀಸಾಗಿ ಎದ್ದು ಬಂತು.

ಸಂಜೆ ಹೆಲ್ಮೆಟ್ ಗೂಟವೇರಿತು. ಹೆಂಡತಿ ಪಾರ್ಲರಿನಿಂದ ಬಂದವಳೇ ಅದನ್ನು ಕೈಗೆತ್ತಿಕೊಂಡಳು.

"ಬಿದ್ರಾ?"

"ಇಲ್ಲ ಕಣೇ."

ಅವಳು ಗೀರಿನುದ್ದಕ್ಕೂ ಬೆರಳಾಡಿಸಿದಳು. ಕಪ್ಪೆಯನ್ನು ಒತ್ತಿ ನೋಡಿದಳು. ಮಾತು ಬದಲಿಸಿದರೆ ಬದುಕಿಕೊಂಡೇನೆಂದು ಮೇಷ್ಟ್ರು ಸೈಕಲ್ಲಿನ ವಿಷಯ ತೆಗೆದರು.

"ಸೀಟು ಮತ್ತೆ ಕೆಳಗಿಳಿದಿತ್ತು ನೋಡು. ಪ್ರತಿ ವಾರ ಎತ್ತಿಡ್ತೀನಿ, ಪ್ರತಿ ವಾರ ಇಳಿದಿರುತ್ತೆ. ಒಂದ್ಸಲ ರಿಪೇರಿ ಮಾಡಿಸ್ಬೇಕು."

"ಬೇಡ ಬಿಡಿ, ಹಳೇ ಸೈಕಲ್ಲು, ಇಳಿಯುತ್ತೆ" ಎಂದಳು ಅವಳು ಥಟ್ಟನೆ. ಬಚ್ಚಲಲ್ಲಿ ಜಾರಿ ಉಳುಕಿಸಿಕೊಂಡಾಗಿನಿಂದ ಆಗಾಗ ನೋಯುವ ಮಣಿಕಟ್ಟನ್ನು ಒತ್ತಿಕೊಳ್ಳುತ್ತ ಹೆಲ್ಮೆಟ್ಟನ್ನು ಮತ್ತೆ ಗೂಟಕ್ಕೆ ಹಾಕಿದಳು. "ಹೆಲ್ಮೆಟ್ ಮಾತ್ರ ಹೇಗಿತ್ತೋ ಹಾಗೇ ಇದೆ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಪಾಪ, ಇಷ್ಟು ನಂಬುವವಳಿಗೆ ಮೋಸ ಮಾಡಿದೆನಲ್ಲ ಎಂದು ಒಂದು ಗಳಿಗೆ ನಿಜವಾಗಿಯೂ ನೊಂದುಕೊಂಡರು. ಆಮೇಲೆ ಜರ್ಕಿನ್ನಿನಲ್ಲಿದ್ದ ಒಡೆದ ಹೆಲ್ಮೆಟ್ಟಿನ ನೆನಪಾಯಿತು.

ಅದನ್ನು ಕಸಕ್ಕೆ ಹಾಕುವಂತಿರಲಿಲ್ಲ. ಕಟ್ಟಡದ ಕಾರ್ಯದರ್ಶಿ ಕಸದ ಡಬ್ಬಿಗಳ ಪಕ್ಕ ನಿಂತು, ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ, ಯಾರ ಮನೆಯಿಂದ ಏನು ಬಂತೆಂದು ನಾಲ್ಕು ಮಹಡಿಗೂ ಕೇಳುವಂತೆ ಹೇಳುತ್ತಿದ್ದರು. ಉಳಿದದ್ದು ಅಟ್ಟ. ಹೆಂಡತಿಗೆ ಸ್ಟೂಲ್ ಹತ್ತಿದರೆ ತಲೆ ಸುತ್ತುತ್ತದೆ. ಹಾಗೆಂದು ಅವಳೇ ಹೇಳುತ್ತಿದ್ದಳು. ಅವಳು ಸ್ನಾನಕ್ಕೆ ಹೋದದ್ದೇ ತಡ, ಮೇಷ್ಟ್ರು ಸ್ಟೂಲ್ ಹತ್ತಿ, ಮೂಲೆಯ ಹಳೆಯ ಸೂಟ್‌ಕೇಸನ್ನು ಸರಿಸಿ, ಅದರ ಹಿಂದಕ್ಕೆ ಕೈ ತೂರಿಸಿದರು.

ಅಲ್ಲಿ ಆಗಲೇ ಒಂದು ಹಸಿರು ಹೆಲ್ಮೆಟ್ ಇತ್ತು: ನೆತ್ತಿಯಲ್ಲಿ ಬಿರುಕು, ಕಪ್ಪೆ ಕಿತ್ತ ಜಾಗದಲ್ಲಿ ಕಪ್ಪೆಯಷ್ಟೇ ಅಗಲದ ಮಾಸದ ಹಸಿರು, ಪಿಸಿದ ಪಟ್ಟಿಗೆ ಸಿಕ್ಕಿಕೊಂಡ ನೀಲಿ ತಲೆಕ್ಲಿಪ್.