ಕಸದ ಗುಡ್ಡದ ಕಲ್ಲು

ಸಕಲ ಲೋಹಗಳನ್ನೂ ಒಡಲಲ್ಲಿ ಧರಿಸಿ, ಸಕಲರ ಹೆಜ್ಜೆಯನ್ನೂ ಅರಿತಿರುವ ವಸುಂಧರೆಗೆ ಮೊದಲ ವಂದನೆ.

ಚಿನ್ನದ ತೆರೆದ ಗಣಿಯ ಜನರೆಲ್ಲ ಊಟದ ಹೊತ್ತಿಗೆ ಮೇಲೇರಿ ಹೋಗಿದ್ದರು. ಅಗೆಯುವ ಯಂತ್ರದ ಚಾಲಕ ಅಮರಪ್ಪನೊಬ್ಬನೇ ಹಿಂದುಳಿದು, ಚಿನ್ನದ ಎಳೆ ಹಾಯ್ದ ಕಲ್ಲೊಂದನ್ನು ಅಂಗಿಯೊಳಗೆ ಇಳಿಸಿದ. ಕಾವಲುಗಾರ ಚೆನ್ನಬಸಯ್ಯ ಎದುರಾದ.

“ಏನಪಾ, ಹೊಟ್ಟಿ ಮುಂದ್ ಬಂದೈತಲ್ಲ, ಎಷ್ಟ್ ತಿಂಗಳು?”

“ನಿನಗೂ ಪಾಲೈತಿ, ಸುಮ್ನಿರು.”

“ಪಾಲು ಬ್ಯಾಡ. ಸಾಹೇಬ್ರ ಮುಂದ ಇಡು, ನಡಿ.”

ಅಮರಪ್ಪ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಹೆಲ್ಮೆಟ್ ಸೀಳಿತು, ಮೂರನೆಯದಕ್ಕೆ ಉಸಿರು ನಿಂತಿತು.

ಚಿನ್ನವಿಲ್ಲದ ಕಲ್ಲನ್ನು ಒಟ್ಟುವ ಕಸದ ಗುಡ್ಡದ ಬುಡಕ್ಕೆ ಶವವನ್ನೆಳೆದು, ಯಂತ್ರದಿಂದ ಅದರ ಮೇಲೆ ಬಂಡೆಗಳನ್ನು ಕೆಡವಿದ. ಆ ಗುಡ್ಡವನ್ನು ಪ್ರಳಯದವರೆಗೂ ಯಾರೂ ಕೆದಕುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಜನರ ದನಿ ಕೇಳಿಸಲು, ಹೆದರಿ ಕದ್ದ ಕಲ್ಲನ್ನೂ ಅಲ್ಲೇ ಎಸೆದ.

ಚೆನ್ನಬಸಯ್ಯ ಊರು ಬಿಟ್ಟನೆಂದೇ ಎಲ್ಲರೂ ನಂಬಿದರು. ಮೂರನೆಯ ದಿನ ಭೂವಿಜ್ಞಾನಿ ವಾದಿರಾಜರು ಅಮರಪ್ಪನನ್ನು ಕರೆಸಿದರು. ಅದೇ ಕಲ್ಲು ಅವರ ಅಂಗೈಯಲ್ಲಿತ್ತು.

“ಕಸದ ಗುಡ್ಡದ ಬುಡದಲ್ಲಿ ಸಿಕ್ತು, ನೋಡು.”

“ಯಾರರ ತಂದು ಒಗದಿರಬೇಕ್ರಿ.”

“ಚಿನ್ನವನ್ನ ಯಾರಪ್ಪ ಒಗೀತಾರೆ? ಆ ಗುಡ್ಡದೊಳಗೇ ಚಿನ್ನ ಇದೆ.” ವಾದಿರಾಜರು ನಕ್ಕು, ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿಯನ್ನು ಅವನ ಕೈಗಿತ್ತರು. “ಕಲ್ಲು ಸಿಕ್ಕ ಜಾಗದಿಂದಲೇ ಇವತ್ತು ಗುಡ್ಡ ಬಗೀಬೇಕು. ಪೂಜೆ ಮುಗಿಸಿ, ಯಂತ್ರದ ಮೊದಲ ಬಕೆಟ್ ನೀನೇ ಎತ್ತು.”

ಇದನ್ನು ಕೇಳಿದ ಸರ್ವರ ಕೈಗಳೂ ನಿರ್ಮಲವಾಗಿರಲೆಂದು ಆ ತಾಯಿ ಹರಸಲಿ.