ಅವಳು ನಿಲ್ಲಿಸಿದ ಪುಟ

ಮಗ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೊಡವಿದ. ಹಾಳೆಗಳ ನಡುವಿನಿಂದ ನೀಲಿ ಬಟ್ಟೆಯ ಚೂರೊಂದು ಕೆಳಗೆ ಬಿತ್ತು. ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿಯ ಕಾಲು ನಿಂತಿತು.

"ಏನ್ ಮಾಡ್ದೆ ಕಣೋ?"

"ಧೂಳು ಕೊಡವಿದೆ ಅಪ್ಪ. ಯಾರಿಗಾದ್ರೂ ಕೊಟ್ಬಿಡೋಣ. ಅಮ್ಮನೇ ಇಲ್ಲ, ಇನ್ಯಾರು ಓದ್ತಾರೆ?"

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಅವನು ಹೊಲಿಯುವಾಗ ಹೆಂಡತಿ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಆ ಓದು ಕೇಳುತ್ತಲೇ ಬೆಳೆದ ಮಗ, ಮೀಸೆ ಬಂದ ಮೇಲೂ ಗೋಡೆಗೊರಗಿ ಕೇಳುತ್ತಿದ್ದ. ಓದು ನಿಲ್ಲಿಸಿದಲ್ಲಿ ಅವಳು ಬಟ್ಟೆಯ ಚೂರು ಇಡುತ್ತಿದ್ದಳು. ಈ ಪುಸ್ತಕದಲ್ಲಿ ಚೂರು ಇಟ್ಟು ಆಸ್ಪತ್ರೆಗೆ ಹೋದವಳನ್ನು ದೇವರು ಹಿಂದಕ್ಕೆ ಕಳಿಸಲಿಲ್ಲ.

"ಅವಳು ನಿಲ್ಲಿಸಿದ ಜಾಗ ಅದು. ಹುಡುಕಿ ಕೊಡು. ಅಲ್ಲೀವರೆಗೂ ನಿಂಗೆ ಊಟ ಇಲ್ಲ."

"ಹೇಗೆ ಹುಡುಕಲಿ? ಪುಟವೇ ಕೂಗಿ ಹೇಳುತ್ತಾ?"

"ಓದು. ಬಾಯಿಬಿಟ್ಟು ಓದು."

ಮಗ ಮುಖ ಗಂಟಿಕ್ಕಿಕೊಂಡು ನಡುವಿನ ಯಾವುದೋ ಪುಟ ತೆರೆದು ಓದತೊಡಗಿದ. ಸ್ವಲ್ಪ ಹೊತ್ತಿಗೆ ಮುಂದಿನ ಮಾತು ಕಣ್ಣಿಗಿಂತ ಮೊದಲೇ ಬಾಯಿಗೆ ಬರತೊಡಗಿತು, ಅದೂ ಅಮ್ಮನ ರಾಗದಲ್ಲೇ. ಪುಟ ತಿರುಗಿಸಿದ, ಇನ್ನೊಂದು ತಿರುಗಿಸಿದ. ಅಲ್ಲಿ ಅವನ ದನಿ ಗಕ್ಕನೆ ನಿಂತಿತು.

"ಇದು ನಾನು ಕೇಳಿಲ್ಲ ಅಪ್ಪ."

"ನಾನೂ ಕೇಳಿಲ್ಲ," ಎಂದು ದರ್ಜಿ ಗದರಿದ. "ನಿಲ್ಲಿಸಬೇಡ, ಓದು."