ಕೈಯಳತೆ

ಹಸಿ ಬಟ್ಟಲುಗಳ ಹಲಗೆಯನ್ನು ಬೆಳಗಿನ ಬಿಸಿಲಿಗೆ ಹೊತ್ತು ತರುತ್ತಿದ್ದ ತಮಾಯೊ ಅಂಗಳದ ನಡುವೆಯೇ ನಿಂತುಬಿಟ್ಟಳು. ಹೊಳೆಯ ಸೇತುವೆಯ ಬಳಿ ಬಸ್ಸಿಳಿದ ಹೆಂಗಸು ನೇರ ಇತ್ತಲೇ ಬರುತ್ತಿದ್ದಳು. ಫುಕುಓಕಾ ಪಟ್ಟಣದವಳು. ಬರುತ್ತಾಳೆಂದು ತಮಾಯೊಗೆ ಗೊತ್ತಿತ್ತು. ಗಂಡನ ಪೆಟ್ಟಿಗೆಯಲ್ಲಿ ಅವಳ ಕಾಗದ ಸಿಕ್ಕಿತ್ತು. 'ಒಂದೇ ಒಂದು ಸಲ ಕಣ್ಣಾರೆ ನೋಡಿ ಹೋಗುತ್ತೇನೆ.'

ಏಳು ವರ್ಷದಿಂದ ಕಾಪಾಡಿಕೊಂಡ ಸಂಸಾರ ಒಡೆಯಲು ಅಷ್ಟು ಸಾಕು ಎನ್ನಿಸಿತ್ತು ತಮಾಯೊಗೆ.

"ನಿನ್ನ ಗಂಡ ಇವತ್ತು ಗಡ್ಡ ಬೋಳಿಸಿದಾನೆ," ಬೇಲಿಯಾಚೆಯಿಂದ ಪಕ್ಕದ ಮನೆಯ ಒಮಾಸು ಅಜ್ಜಿ ಕೆಣಕಿದಳು. "ಆವಿಗೆಯಿಂದ ಸುಟ್ಟ ಬಟ್ಟಲು ತೆಗೆಯೋ ದಿನವೂ ಅಲ್ಲ."

"ಗಿರಾಕಿ ಬರ್ತಾರಂತೆ, ಅಜ್ಜಿ."

"ಗಿರಾಕಿ ಲಕ್ಷಣವಾಗಿದಾಳೆ ಬಿಡು."

ಗಂಡ ತೊಕುಜಿ ತಿಗರಿ ಬಿಟ್ಟೆದ್ದು ಬಂದು, ಬೇಕಾದ್ದಕ್ಕಿಂತ ಹೆಚ್ಚೇ ಬಾಗಿ ನಮಸ್ಕರಿಸಿದ. ತಮಾಯೊ ನಿನ್ನೆಯ ಎಲೆಗೇ ಬಿಸಿನೀರು ಹೊಯ್ದು ಚಹಾ ತಂದಿಟ್ಟಳು. ಬಂದವಳು ಒಂದು ತೊಟ್ಟೂ ಬಿಡದೆ ಕುಡಿದಳು.

"ತುಂಬಾ ಚೆನ್ನಾಗಿ ನೋಡ್ಕೊಂಡಿದೀರಿ."

"ನಮ್ಮದನ್ನ ನಾವೇ ನೋಡ್ಕೋಬೇಕಲ್ವಾ," ಎಂದಳು ತಮಾಯೊ.

ತೊಕುಜಿ ನಡುವೆ ಬಾಯಿ ಹಾಕಿದ. "ನಿಮಗೊಂದು ಅನ್ನದ ಬಟ್ಟಲು ಮಾಡ್ಕೊಡ್ತೀನಿ. ಅಳತೆ ಕೊಡಿ."

ಈ ಊರಿನಲ್ಲಿ ಬಟ್ಟಲಿಗೆ ಅಳತೆಪಟ್ಟಿ ಹಿಡಿಯುವುದಿಲ್ಲ. ಎರಡು ಕೈಗಳ ಹೆಬ್ಬೆರಳು, ನಡುಬೆರಳು ಕೂಡಿಸಿದಾಗ ಆಗುವ ಬಳೆಯೇ ಅಳತೆ. ಬಂದವಳು ಬೆರಳು ಕೂಡಿಸಿ ಕೈ ಚಾಚಿದಳು. ತೊಕುಜಿ ಬಿದಿರುಕಡ್ಡಿ ಹಿಡಿದು ಆ ಕೈಗಳ ಮೇಲೆ ಬಾಗಿದ. ತಮಾಯೊಳ ಅಳತೆಯನ್ನು ಅವನು ತೆಗೆದುಕೊಂಡಿದ್ದು ಒಂದೇ ಸಲ, ಮದುವೆಯ ವಾರ.

ಆದರೆ ಬಂದವಳು ಅವನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಅವನ ಹೆಗಲಿನಾಚೆ, ಬಾಗಿಲಿನ ಮೇಲಿತ್ತು.

ಒಳಗೇ ಇರು ಎಂದು ಹೇಳಿದ್ದರೂ ಏಳು ವರ್ಷದ ಮಗಳು ಕೊಹಾರು ಹೊಸ್ತಿಲಿಗೆ ಬಂದು ನಿಂತಿದ್ದಳು. ಬೆಳಗಿನಿಂದ ಏನೋ ಕೇಳಲು ಬಾಯಿ ತೆರೆಯುವುದು, ಮುಚ್ಚುವುದು, ಇದೇ ಆಗಿತ್ತು ಅವಳದು.

"ಒಳಗೆ ಹೋಗು," ತಮಾಯೊ ಗದರಿದಳು.

ಹುಡುಗಿ ಹೋಗಲಿಲ್ಲ. ಹತ್ತಿರ ಬಂದು, ಯಾರೂ ಹೇಳದೆಯೇ ತನ್ನ ಬೆರಳುಗಳನ್ನೂ ಬಳೆಯಾಗಿ ಕೂಡಿಸಿ ಬಂದವಳ ಕೈಗಳ ಪಕ್ಕ ಹಿಡಿದಳು. ಒಂದು ಬಳೆ ದೊಡ್ಡದು, ಒಂದು ಚಿಕ್ಕದು. ಎರಡರಲ್ಲೂ ಕಿರುಬೆರಳು ತುದಿಯಲ್ಲಿ ಒಂದೇ ಥರ ಒಳಕ್ಕೆ ಬಾಗಿತ್ತು.

ಕೊಹಾರು ಬೆರಳು ಬಿಡಿಸಿ ಬಂದು ತಮಾಯೊಳ ತೋಳನ್ನು ಬಿಗಿಯಾಗಿ ಹಿಡಿದಳು.

"ಅಮ್ಮಾ, ನನ್ನನ್ನ ಹೆತ್ತು ನಿನಗೂ ಅಪ್ಪಂಗೂ ಕೊಟ್ಟೋರು ಇವರೇನಾ?"